ಗೆರೆಯಣ್ಣನ ಸೊಟ್ಟ ಸಾಲು

ಮೂವತ್ತು ಕಣ್ಣುಗಳಲ್ಲಿ ಇಪ್ಪತ್ತೊಂಬತ್ತು ಆಗಲೇ ಭರ್ತಿಯಾಗಿದ್ದವು. ಉಳಿದದ್ದು ಒಂದೇ ಒಂದು. ಆ ಒಂದು ನಮ್ಮ ಮನೆಯವರದ್ದೇ ಆಗಬೇಕು ಎಂದು ಮಂಗಳವಾರ ಬೆಳಿಗ್ಗೆ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತೇ ತೀರ್ಮಾನ ಮಾಡಿಬಿಟ್ಟೆ. ಕೆಮ್ಮಿನ ಔಷಧಿಗೆಂದು ಹೋದವಳು ನಾನು. ಕೆಮ್ಮು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಪಟ್ಟಣದ ಹೊಲಿಗೆಯವರ ಸಂಘ ಕೊಡ್ತಿರೋದು," ಎಂದರು ನರ್ಸಮ್ಮ. "ಸೂಜಿಗೆ ದಾರ ಪೋಣಿಸೋಕಾಗದೆ ಅವರಲ್ಲಿ ಎಷ್ಟೋ ಜನ ಕೆಲಸ ಬಿಟ್ಟಿದ್ದಾರಂತೆ. ಅದಕ್ಕೇ ಬೇರೆಯವರ ಕಣ್ಣಿಗೂ ಆಗಲಿ ಅಂತ ದುಡ್ಡು ಕೂಡಿಸಿದ್ದಾರೆ. ಆಪರೇಷನ್ನು, ಮಾತ್ರೆ, ಊಟ, ಹೋಗಿ ಬರೋ ವ್ಯಾನು, ಎಲ್ಲ ಅವರದ್ದೇ. ಸದ್ಯಕ್ಕೆ ಒಬ್ಬೊಬ್ಬರಿಗೆ ಒಂದು ಕಣ್ಣು. ಶುಕ್ರವಾರ ಬೆಳಿಗ್ಗೆ ಆರಕ್ಕೆ ವ್ಯಾನು ಬರುತ್ತೆ."

"ಬರ್ಕೊಳ್ಳಿ ನರ್ಸಮ್ಮ, ನಮ್ಮೋರ ಹೆಸರು ಬರ್ಕೊಳ್ಳಿ!"

"ನಾನು ಬರೆದ್ರೆ ಆಗಲ್ಲಮ್ಮ. ಅವರೇ ಒಪ್ಪಿ ಸಹಿ ಹಾಕಬೇಕು, ಇಲ್ಲ ಹೆಬ್ಬೆಟ್ಟು ಒತ್ತಬೇಕು. ಗುರುವಾರ ಸಂಜೆ ಐದರ ತನಕ ಜಾಗ ಹಿಡಿದಿಟ್ಟಿರ್ತೀನಿ. ಆಮೇಲೆ ಪಕ್ಕದೂರಿನವರಿಗೆ ಕೊಟ್ಟುಬಿಡ್ತೀನಿ."

ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮನೆಗೆ ಬಂದೆ. ಎರಡು ವರ್ಷದಿಂದ ಇಂಥದ್ದೊಂದು ದಿನಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ. ನಮ್ಮ ಮನೆಯವರ ಬಲಗಣ್ಣಿನ ನಡುವೆ ಅಕ್ಕಿಕಾಳಿನಂತೆ ಬಿಳಿ ಕೂತಿತ್ತು. ಎಡಗಣ್ಣಿಗೆ ಎಲ್ಲವೂ ಹೊಗೆಯೊಳಗೆ ಕಂಡ ಹಾಗೆ ಕಾಣುತ್ತಿತ್ತು. ಟೀ ಲೋಟಕ್ಕೆ ಬೀಳುವುದಕ್ಕಿಂತ ಮೊಣಕಾಲಿಗೆ ಬೀಳುವುದೇ ಹೆಚ್ಚು. ಹೋದ ತಿಂಗಳು ನಮ್ಮ ಹೊಲದ ಬೆದರುಬೊಂಬೆಯ ಹತ್ತಿರ ನಿಂತು ಎರಡು ಸಲ ಬೆಂಕಿಪೊಟ್ಟಣ ಕೇಳಿದ್ದಾರೆ. ಅದು ಉತ್ತರ ಕೊಡಲಿಲ್ಲ. "ನನ್ನ ತಮ್ಮನಿಗೆ ಸೊಕ್ಕು ಬಂದಿದೆ, ಕೂಗಿದರೂ ಮಾತಾಡಲ್ಲ," ಎಂದು ಮನೆಗೆ ಬಂದು ಸಿಟ್ಟಿನಿಂದ ಊಟವನ್ನೇ ಬಿಟ್ಟರು. ಪಕ್ಕದ ಹೊಲದ ನನ್ನ ಮೈದುನ ಪಾಪ, ಆ ದಿನ ಊರಲ್ಲೇ ಇರಲಿಲ್ಲ.

ಇಷ್ಟಾದರೂ ಕಣ್ಣು ಕಾಣುವುದಿಲ್ಲ ಎಂದು ಒಪ್ಪುವ ಗಂಡಸಲ್ಲ ಅವರು. ಒಪ್ಪದಿರಲು ಅವರ ಹತ್ತಿರ ಒಂದು ಪುರಾವೆ ಇತ್ತು. ಆ ಪುರಾವೆಯನ್ನು ತಯಾರು ಮಾಡಿ ಕೊಟ್ಟವಳು ನಾನೇ. ಅದನ್ನು ಹೇಳುವ ಮೊದಲು ಕೋಸಿನ ಸಸಿ ನೆಡುವುದನ್ನು ಸ್ವಲ್ಪ ಹೇಳಬೇಕು.

ಕೋಸಿನ ಹೊಲಕ್ಕೆ ಮೊದಲ ಸಾಲೇ ಎಲ್ಲ. ಅದನ್ನು ನೋಡಿಕೊಂಡೇ ಎರಡನೆಯದು, ಎರಡನೆಯದನ್ನು ನೋಡಿಕೊಂಡು ಮೂರನೆಯದು. ಮೊದಲನೆಯದು ಸೊಟ್ಟಗಾದರೆ ಇಡೀ ಹೊಲವೇ ಸೊಟ್ಟ. ನೀರು ಒಂದು ಕಡೆ ನಿಲ್ಲುತ್ತದೆ, ಕಳೆ ತೆಗೆಯುವಾಗ ಗುದ್ದಲಿ ಸಸಿಯ ಬುಡಕ್ಕೇ ಬೀಳುತ್ತದೆ. ಉಳಿದವರೆಲ್ಲ ಎರಡು ಗೂಟ ನೆಟ್ಟು ದಾರ ಕಟ್ಟಿ ಮೊದಲ ಸಾಲು ಹಿಡಿಯುತ್ತಾರೆ. ನಮ್ಮ ಮನೆಯವರು ಮಾತ್ರ ದಾರ ಮುಟ್ಟಿದವರಲ್ಲ. ಹೊಲದ ಆ ತುದಿಗೆ ಒಂದು ಗೂಟ ಹೊಡೆದು, ಈ ತುದಿಯಿಂದ ಅದನ್ನೇ ನೋಡುತ್ತಾ ಸಸಿ ನೆಡುತ್ತಾ ಹೋದರೆಂದರೆ, ಮುಗಿದ ಮೇಲೆ ದಾರ ಹಿಡಿದು ನೋಡಿದರೂ ಒಂದು ಬೆರಳಿನಷ್ಟು ಆಚೀಚೆ ಆಗುತ್ತಿರಲಿಲ್ಲ. ಊರಲ್ಲಿ ಯಾರ ಹೊಲದಲ್ಲಿ ನಾಟಿ ಇದ್ದರೂ ಮೊದಲ ಸಾಲಿಗೆ ಅವರನ್ನೇ ಕರೆಯುತ್ತಿದ್ದರು. ಗೆರೆಯಣ್ಣ ಎಂಬ ಹೆಸರು ಹಾಗೆ ಬಂದದ್ದು. ನಾನು ಗೆರೆಯಣ್ಣನ ಹೆಂಡತಿ. ಬೀದಿಯಲ್ಲಿ ತಲೆಯೆತ್ತಿ ನಡೆಯಲು ನನಗೆ ಅಷ್ಟು ಸಾಕಾಗಿತ್ತು.

ಎರಡು ವರ್ಷದ ಹಿಂದೆ ಒಂದು ಸಂಜೆ ಅವರು ನೆಟ್ಟ ಸಾಲು ನೋಡಿ ನನ್ನ ಎದೆ ಧಸಕ್ಕೆಂದಿತು. ನಡುವಿನಲ್ಲಿ ಸಸಿಗಳು ಬಳುಕಿಕೊಂಡು ಯಾವುದೋ ಮದುವೆಗೆ ಹೊರಟಂತೆ ಬೇರೆ ದಿಕ್ಕಿಗೆ ಹೋಗಿದ್ದವು. ಬೆಳಗಾದರೆ ಊರವರು ಆ ದಾರಿಯಲ್ಲೇ ಹೋಗುತ್ತಾರೆ. ಒಬ್ಬರು ನೋಡಿ ನಕ್ಕರೆ ಸಾಕು, ಸಂಜೆಯೊಳಗೆ ಊರೆಲ್ಲ ನಗುತ್ತದೆ. "ನೀವು ಹೋಗಿ ಕೈಕಾಲು ತೊಳ್ಕೊಳ್ಳಿ ರೀ, ನಾನು ನೀರು ಬಿಟ್ಟು ಬರ್ತೀನಿ," ಎಂದು ಅವರನ್ನು ಮನೆಗೆ ಕಳಿಸಿದೆ. ಎರಡು ಗೂಟ ಹೊಡೆದು ದಾರ ಕಟ್ಟಿದೆ. ಸೊಟ್ಟಗಿದ್ದ ಸಸಿಗಳನ್ನೆಲ್ಲ ಕಿತ್ತು ಮತ್ತೆ ನೆಟ್ಟೆ. ಅವತ್ತಿನಿಂದ ಅದೇ ನನ್ನ ಪರಿಪಾಠವಾಯಿತು. ಅವರು ನೆಡುವುದು, ನಾನು ತಿದ್ದುವುದು. ಮರುದಿನ ದಾರಿಹೋಕರು "ಏನು ಸಾಲು ಗೆರೆಯಣ್ಣ!" ಎನ್ನುವುದು, ಅವರು ಎದೆ ಉಬ್ಬಿಸುವುದು. ನಾನು ಒಳಗೊಳಗೇ ಬೀಗುವುದೂ ಇತ್ತು, ಸುಳ್ಳು ಯಾಕೆ ಹೇಳಲಿ!

ಆ ಬೀಗಿದ್ದಕ್ಕೆಲ್ಲ ಈಗ ಸರಿಯಾಗಿ ಸಿಕ್ಕಿಬಿದ್ದೆ.

ಬುಧವಾರ ಬೆಳಿಗ್ಗೆ ನರ್ಸಮ್ಮನನ್ನು ಕೈಹಿಡಿದು ಮನೆಗೆ ಕರೆತಂದೆ. ಅವರು ಬಾಗಿಲಲ್ಲೇ ನಿಂತು ಮೂರು ಬೆರಳು ಎತ್ತಿ, "ಎಷ್ಟು ಹೇಳಿ ಯಜಮಾನ್ರೇ?" ಎಂದರು.

"ಬೆರಳು ಎಣಿಸೋ ವಯಸ್ಸಾ ನಂದು? ಶಾಲೆ ಮಕ್ಕಳನ್ನ ಕೇಳಿ ಹೋಗಿ," ಎಂದರು ಇವರು.

ನರ್ಸಮ್ಮ ಬಿಡಲಿಲ್ಲ. ಟಾರ್ಚ್ ಹಾಕಿ ಎರಡೂ ಕಣ್ಣು ನೋಡಿದರು. "ಬಲಗಣ್ಣಲ್ಲಿ ಪೊರೆ ಪೂರ್ತಿ ಬಲಿತಿದೆ. ಇದರಲ್ಲಿ ನಿಮಗೆ ಬೆಳಕು ಬಿಟ್ಟು ಬೇರೇನೂ ಕಾಣ್ತಿರಲಿಕ್ಕಿಲ್ಲ."

"ಕಾಣದೇ ಇರೋನು ಸಾಲು ಹಿಡೀತಾನಾ? ಬನ್ನಿ ಹೊಲಕ್ಕೆ!"

ಹೊಲ ಮನೆಯ ಹಿಂದೆಯೇ. ಹೋದ ವಾರ ನೆಟ್ಟ ಹದಿನಾರು ಸಾಲು ಕೋಸು ಅಳತೆ ಕೋಲಿಟ್ಟು ಬರೆದ ಹಾಗೆ ನಿಂತಿತ್ತು. ನರ್ಸಮ್ಮ ಕೂತು ನೋಡಿದರು, ಎದ್ದು ನೋಡಿದರು, ಆ ತುದಿಗೆ ಹೋಗಿಯೂ ನೋಡಿದರು.

"ಸುಳ್ಳು ಹೇಳೋಕೆ ನಾಲಿಗೆಗೆ ಬರಬಹುದು, ಸಾಲಿಗೆ ಬರಲ್ಲ," ಎಂದು ಇವರು ಮೀಸೆ ತಿರುವಿದರು. "ಆ ಕಣ್ಣನ್ನ ನಿಜವಾಗ್ಲೂ ಕುರುಡಾಗಿರೋರಿಗೆ ಕೊಡಿ. ನಂಗೆ ಬೇಡ."

ನರ್ಸಮ್ಮ ನನ್ನ ಕಡೆ ತಿರುಗಿದರು. "ಇಷ್ಟು ಪೊರೆ ಇಟ್ಕೊಂಡು ಇಷ್ಟು ನೇರ ಹೇಗಮ್ಮ ಸಾಧ್ಯ?" ನಾನು ನನ್ನ ಕಾಲ ಬೆರಳುಗಳನ್ನೇ ನೋಡುತ್ತಾ ನಿಂತೆ. ಹೋಗುವಾಗ ಅವರು ಮೆಲ್ಲಗೆ, "ಬಲವಂತ ಮಾಡೋ ಹಾಗಿಲ್ಲ. ನಾಳೆ ಐದು ಗಂಟೆ, ಮರೀಬೇಡಿ," ಎಂದರು.

ಅವತ್ತೇ ಮಧ್ಯಾಹ್ನ ಇವರು ಬಾವಿಯ ಪಕ್ಕದ ಕೊನೆಯ ಪಟ್ಟಿಯಲ್ಲಿ ಒಂದು ಸಾಲು ಸಸಿ ನೆಟ್ಟರು, ನರ್ಸಮ್ಮನಿಗೆ ಉತ್ತರ ಕೊಡುವ ಹುಮ್ಮಸ್ಸಿನಲ್ಲಿ. ಸಂಜೆ ನಾನು ಎಂದಿನಂತೆ ಹಿಂದೆ ಉಳಿದೆ. ಸಾಲು ನೋಡಿದೆ. ಅಯ್ಯೋ, ಬಾವಿಯಿಂದ ಹೊರಟದ್ದು ಪಂಪಿನ ಮನೆಗೆ ಹೋಗಬೇಕಾಗಿತ್ತು, ನಡುವೆ ಎರಡು ಸಲ ಮನಸ್ಸು ಬದಲಾಯಿಸಿ ಬೇಲಿಯ ಹತ್ತಿರ ಹೋಗಿ ನಿಂತಿತ್ತು! ನನ್ನ ಕೈ ತುರಿಸತೊಡಗಿತು. ದಾರದ ಉಂಡೆ ಸೊಂಟದಲ್ಲೇ ಇತ್ತು. ಹಲ್ಲು ಕಚ್ಚಿ ಮನೆಗೆ ಬಂದುಬಿಟ್ಟೆ. ಎರಡು ವರ್ಷದಲ್ಲಿ ಅದೇ ಮೊದಲ ಸಲ ಅವರ ಸಾಲನ್ನು ಅವರು ನೆಟ್ಟ ಹಾಗೇ ಬಿಟ್ಟದ್ದು.

ಗುರುವಾರ ಬೆಳಿಗ್ಗೆ ಮೈದುನನ ಬಾಗಿಲು ತಟ್ಟಿದೆ. "ನಿಮ್ಮ ನೀರೆತ್ತೋ ಹಗ್ಗ ತಗೊಂಡು ಬನ್ನಿ."

"ಯಾಕತ್ತಿಗೆ, ಅಣ್ಣನ್ನ ಕಟ್ಟಿ ಆಸ್ಪತ್ರೆಗೆ ಸಾಗಿಸ್ತೀರಾ?"

"ಅದೂ ಮಾಡೇನು. ಮೊದಲು ಬನ್ನಿ."

ಸೊಟ್ಟ ಸಾಲಿನ ಮೊದಲ ಸಸಿಯಿಂದ ಪಂಪಿನ ಮನೆಯವರೆಗೆ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿದೆವು. ಆಮೇಲೆ ನಮ್ಮ ಮನೆಯವರನ್ನು ಕರೆತಂದು ಅವರ ಕೈಯನ್ನು ಹಗ್ಗದ ಮೇಲೆ ಇಟ್ಟೆ. "ಇದು ಹಗ್ಗ. ನೆಟ್ಟಗಿದೆಯಾ ನೋಡಿ." ಎಳೆದು ನೋಡಿ, "ನೆಟ್ಟಗಿದೆ, ಅದಕ್ಕೇನೀಗ?" ಎಂದರು. "ಈಗ ನಿಮ್ಮ ನಿನ್ನೆಯ ಸಾಲನ್ನ ಮುಟ್ಟಿ ನೋಡ್ಕೊಂಡು ಬನ್ನಿ."

ಮೊದಲ ಸಸಿ ಹಗ್ಗಕ್ಕೆ ತಾಗಿಕೊಂಡೇ ಸಿಕ್ಕಿತು. ಅವರು ನನ್ನ ಕಡೆ ನೋಡಿ ನಕ್ಕರು. ಎರಡನೆಯದು ಒಂದು ಬೆರಳು ಆಚೆ. ಐದನೆಯದಕ್ಕೆ ಅಂಗೈ ಅಗಲ. ಒಂಬತ್ತನೆಯದು ಸಿಗಲೇ ಇಲ್ಲ. ಮಣ್ಣಿನ ಮೇಲೆ ಕೈಯಾಡಿಸುತ್ತಾ ಮೊಣಕೈವರೆಗೆ ಚಾಚಿದ ಮೇಲೆ ಅದರ ಎಲೆ ತಾಗಿತು. ನಗು ನಿಂತಿತು. ಬಿಟ್ಟು ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಮೊಣಕಾಲೂರಿ ಒಂದೊಂದೇ ಸಸಿಯನ್ನು ಹುಡುಕಿ, ಮುಟ್ಟಿ, ಹಗ್ಗಕ್ಕೂ ಅದಕ್ಕೂ ಗೇಣು ಹಾಕಿ ಅಳೆಯುತ್ತಾ ಸಾಲಿನ ಕೊನೆಯವರೆಗೆ ಹೋದರು.

"ಉಳಿದ ಸಾಲೆಲ್ಲ?" ಎಂದರು ಕೊನೆಗೆ.

"ನಾನು ತಿದ್ತಿದ್ದೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ರೀ."

ಅವರು ತಮ್ಮನ ಕಾಲಿನ ಸದ್ದು ಬಂದ ಕಡೆ ತಿರುಗಿದರು. "ನಿನ್ನ ಹೊಲದ ಮೊದಲ ಸಾಲು? ಅದೂ ನಾನೇ ಹಿಡಿದಿದ್ದಲ್ವಾ?"

ನನ್ನ ಮೈದುನ ಬಾಯಿಬಡುಕ. ಸುಮ್ಮನಿರು ಎಂದರೂ ಇರುವವನಲ್ಲ. ಅವತ್ತು ಮಾತ್ರ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತಾ, "ನೀನು ಹೋದ ಮೇಲೆ ನಾನೂ ದಾರ ಹಿಡೀತಿದ್ದೆ ಅಣ್ಣ," ಎಂದಷ್ಟೇ ಹೇಳಿದ. ಅದು ನನಗೂ ಗೊತ್ತಿರಲಿಲ್ಲ.

"ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಿರಿ," ಎಂದರು ಇವರು.

ಹೆದರಿದ್ದೆ, ನಿಜ. ಆದರೆ ನನಗೂ ಸಿಟ್ಟು ಬಂತು. "ಹೌದು, ಎರಚಿದೆ! ಆ ಮಣ್ಣಲ್ಲೇ ನಿಮ್ಮ ಹೆಸರು ಇವತ್ತಿಗೂ ನೆಟ್ಟಗೆ ನಿಂತಿರೋದು. ಇನ್ನು ನನ್ನ ಕೈಲಿ ಆಗಲ್ಲ. ನನ್ನ ಸೊಂಟ ಬಿದ್ದುಹೋಗಿದೆ. ಕಣ್ಣು ಮಾಡಿಸ್ಕೊಳ್ಳಿ, ಇಲ್ಲ ಅಂದ್ರೆ ಸೊಟ್ಟ ಸಾಲು ಹಿಡ್ಕೊಂಡು ಊರವರ ಮುಂದೆ ಓಡಾಡಿ!"

ಅವರು ತಡವರಿಸುತ್ತಾ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತರು. ಮಧ್ಯಾಹ್ನವಾಯಿತು, ಊಟಕ್ಕೆ ಕರೆದರೂ ಬರಲಿಲ್ಲ. ಮೂರಾಯಿತು. ನಾನು ಒಳಗೆ ಪಾತ್ರೆ ಕುಕ್ಕುತ್ತಾ, ಹೊರಗೆ ಇಣುಕುತ್ತಾ, ಮತ್ತೆ ಒಳಗೆ ಬಂದು ಪಾತ್ರೆ ಕುಕ್ಕುತ್ತಾ ಇದ್ದೆ. ಆಗ ನನ್ನನ್ನು ಕಾಡಿದ್ದು ಕೈತಪ್ಪುವ ಆ ಒಂದು ಕಣ್ಣಿನ ಯೋಚನೆ ಮಾತ್ರವಲ್ಲ. ಗೆರೆಯಣ್ಣ ಎಂಬ ಮನುಷ್ಯನನ್ನೇ ಮುರಿದು ಹಾಕಿದೆನಲ್ಲ, ಇನ್ನು ಕಣ್ಣು ಬಂದರೂ ಈ ಮನುಷ್ಯ ನನ್ನ ಮುಖ ನೋಡುತ್ತಾರೋ ಇಲ್ಲವೋ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ನಾಲ್ಕೂವರೆಗೆ ಬಾಗಿಲಲ್ಲಿ ನೆರಳು ಬಿತ್ತು. "ಹೆಬ್ಬೆಟ್ಟು ಒತ್ತೋದು ಎಲ್ಲಿ?"

ನನ್ನ ಕೈಯಿಂದ ಪಾತ್ರೆ ಬಿತ್ತು.

"ಒಂದು ಮಾತು," ಎಂದರು ಅವರು. "ಬಾವಿ ಪಕ್ಕದ ಆ ಸಾಲನ್ನ ಯಾರೂ ಮುಟ್ಟಬಾರದು. ನೀನಂತೂ ಮುಟ್ಟಲೇಬಾರದು. ಅದು ಎಷ್ಟು ಸೊಟ್ಟ ಇದೆ ಅಂತ ನಾನೇ ನೋಡಬೇಕು."

ಆರೋಗ್ಯ ಕೇಂದ್ರ ಊರ ಆ ತುದಿಯಲ್ಲಿ. ಮೈದುನ ಸೈಕಲ್ ತಂದ. ಇವರು ಹಿಂದಿನ ಕ್ಯಾರಿಯರ್ ಮೇಲೆ, ನಾನು ಪಕ್ಕದಲ್ಲಿ ಓಟ. ಅಂಗಡಿ ಮುಂದಿದ್ದವರೆಲ್ಲ ಎದ್ದು ನಿಂತು "ಏನಾಯ್ತು, ಏನಾಯ್ತು?" ಎಂದರು. "ಕಣ್ಣು! ಕಣ್ಣು!" ಎಂದು ಕೂಗಿದೆನೇ ಹೊರತು ನಿಲ್ಲಲಿಲ್ಲ. ಒಬ್ಬರಿಗೆ ಏನು ಅರ್ಥವಾಯಿತೋ, ನೀರಿನ ಚೊಂಬು ಹಿಡಿದುಕೊಂಡು ನಮ್ಮ ಹಿಂದೆ ಓಡಿ ಬಂದರು. ನಾವು ಮುಟ್ಟಿದಾಗ ನರ್ಸಮ್ಮ ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುತ್ತಿದ್ದರು. ಅವರು ನಮ್ಮ ಮೂವರ ಮುಖ ನೋಡಿ, ಒಂದು ಮಾತೂ ಕೇಳದೆ ಬೀಗ ತೆಗೆದು ಶಾಯಿಯ ಡಬ್ಬಿ ಹೊರಗಿಟ್ಟರು. ನಮ್ಮ ಮನೆಯವರ ಹೆಬ್ಬೆಟ್ಟು ಕಾಗದದಲ್ಲಿ ಒತ್ತಬೇಕಾದ ಜಾಗ ಬಿಟ್ಟು ಪಕ್ಕಕ್ಕೆ ಬಿತ್ತು.

"ಇದೂ ಸೊಟ್ಟಾನಾ?" ಎಂದು ಕೇಳಿದರು.

"ಸೊಟ್ಟಾನೇ," ಎಂದೆ. ನಾವಿಬ್ಬರೂ ನಕ್ಕೆವು.

ಶುಕ್ರವಾರದ ವ್ಯಾನನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಳಗೆ ಕೂತವರ ಕಣ್ಣುಗಳು ಒಂದೊಂದು ಬಗೆಯವು. ಒಬ್ಬರು ತಮ್ಮದೆಂದು ಪಕ್ಕದವರ ಚೀಲ ತಬ್ಬಿಕೊಂಡಿದ್ದರು, ಆ ಪಕ್ಕದವರಿಗೂ ಅದು ಕಾಣುತ್ತಿರಲಿಲ್ಲ. ಡ್ರೈವರ್ ಹಿಂದಕ್ಕೆ ತಿರುಗಿ, "ನಿಮ್ಮಲ್ಲಿ ಯಾರೂ ನಂಗೆ ದಾರಿ ಹೇಳಬೇಡಿ ಅಷ್ಟೇ," ಎಂದ. ವ್ಯಾನು ಪೂರ್ತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

ಆಸ್ಪತ್ರೆಯಲ್ಲಿ ಹಸಿರು ಟೊಪ್ಪಿ, ಹಸಿರು ಅಂಗಿ ತೊಡಿಸಿ ಬೆಂಚಿನ ಮೇಲೆ ಸಾಲಾಗಿ ಕೂರಿಸಿದರು. ಆಪರೇಷನ್ ಆಗುವ ಕಣ್ಣಿನ ಹುಬ್ಬಿನ ಮೇಲೆ ಒಂದೊಂದು ಬಿಳಿ ಪಟ್ಟಿ ಅಂಟಿಸಿದರು. ನಾನು ಮೂರು ಸಲ ಹೋಗಿ, "ಬಲಗಣ್ಣು ತಾನೇ? ಬಲಗಣ್ಣೇ ತಾನೇ?" ಎಂದು ಕೇಳಿದೆ. ನಾಲ್ಕನೆಯ ಸಲ ಅಲ್ಲಿನ ನರ್ಸ್ ನನಗೇ ಒಂದು ಪಟ್ಟಿ ತೋರಿಸಿ, "ನಿಮ್ಮ ಬಾಯಿಗೆ ಅಂಟಿಸಲಾ?" ಎಂದಳು. ಬಾಗಿಲಿನ ಕಡೆ ನಡೆಸಿಕೊಂಡು ಹೋಗುವಾಗ ನಮ್ಮ ಮನೆಯವರ ಕೈ ತಣ್ಣಗಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ. "ನಾಟಿಗಿಂತ ಬೇಗ ಆಗುತ್ತಾ?" ಎಂದು ಕೇಳುತ್ತಾ ಒಳಗೆ ಹೋದರು.

ಆಯಿತು. ನಾನು ಬೆಂಚಿನ ಮೇಲೆ ಸರಿಯಾಗಿ ಕೂರುವಷ್ಟರಲ್ಲಿ ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಹೊರಗೆ ಬಂದೇಬಿಟ್ಟರು. "ಒಳಗೆ ರೇಡಿಯೋ ಹಾಕಿದ್ರು ಕಣೇ. ಎರಡು ಹಾಡು ಮುಗೀತು, ನನ್ನ ಕಣ್ಣೂ ಮುಗೀತು. ಮೂರನೇ ಹಾಡು ಕೇಳೋಕೆ ಬಿಡಲಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹುಡುಗಿ. ಒಂದೊಂದೇ ಮಂಚದ ಹತ್ತಿರ ನಿಂತು ಪಟ್ಟಿ ಬಿಚ್ಚುತ್ತಾ ಬಂದಳು. ಪ್ರತಿ ಮಂಚದಿಂದಲೂ ಒಂದೊಂದು ಕೂಗು. "ಗಡಿಯಾರ! ಗಡಿಯಾರ ಕಾಣ್ತಿದೆ!" ಎಂದರು ಒಬ್ಬರು. "ಅಯ್ಯೋ, ಇಷ್ಟು ಕಪ್ಪಗಾಗಿದ್ದೀಯಾ?" ಎಂದು ಮಗನನ್ನು ಬೈದರು ಇನ್ನೊಬ್ಬರು. ನನ್ನ ಎದೆಯೊಳಗೆ ಪಂಪ್‌ಸೆಟ್ ಓಡುತ್ತಿತ್ತು. ನಾನು ತಲೆ ಬಾಚಿ, ಮುಖ ತೊಳೆದು, ಅವರಿಗೆ ಎದುರಾಗಿ ನಿಂತೆ. ಮೊದಲು ನನ್ನನ್ನೇ ನೋಡಲಿ ಎಂಬ ಆಸೆ.

ಡಾಕ್ಟರಮ್ಮ ಪಟ್ಟಿ ಬಿಚ್ಚಿದಳು. ಅವರು ಕಣ್ಣು ತೆರೆದು ನೋಡಿದ್ದು ನನ್ನನ್ನಲ್ಲ, ಗೋಡೆಯನ್ನು! ಬಿಳಿ ಟೈಲ್ಸುಗಳ ನಡುವಿನ ಗೆರೆಯ ಮೇಲೆ ಈ ಮೂಲೆಯಿಂದ ಆ ಮೂಲೆಯವರೆಗೆ ನಿಧಾನವಾಗಿ ಕಣ್ಣು ಓಡಿಸಿದರು.

"ನೇರ," ಎಂದರು. "ನೇರ ಇದೆ ಕಣೇ."

ಆಮೇಲೆ ನನ್ನ ಕಡೆ ತಿರುಗಿದರು. ಮುಖ ನೋಡಿದರು. ಏನಾದರೂ ಹೇಳುತ್ತಾರೆ ಎಂದು ಕಾದೆ. "ಎಡಗೈ ಕೊಡು," ಎಂದರು. ನಾನು ಎಡಚಿ, ಸಸಿಯ ಬುಡಕ್ಕೆ ಮಣ್ಣು ಒತ್ತುವುದೆಲ್ಲ ಎಡಗೈ ಹೆಬ್ಬೆರಳಿನಲ್ಲಿ. ಅವರು ನನ್ನ ಕೈಯನ್ನು ದೂರ ಹಿಡಿದು, ಆ ಹೆಬ್ಬೆರಳಿನ ಸೀಳಿದ ಉಗುರನ್ನೂ ಅದರೊಳಗೆ ಕೂತ ಕಪ್ಪನ್ನೂ ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಕೈ ಬಿಡಲಿಲ್ಲ. ಅಷ್ಟು ಜನರ ನಡುವೆ ನಾನು ಗೊಳೋ ಎಂದು ಅತ್ತುಬಿಟ್ಟೆ. ದುಃಖಕ್ಕಲ್ಲ, ನನ್ನ ಭಯವೆಲ್ಲ ಆಗ ಇಳಿಯಿತು.

ಅಷ್ಟರಲ್ಲಿ ಹೊಲಿಗೆಯವರ ಸಂಘದ ಯಜಮಾನರು ಬಂದರು. ಮೂವತ್ತು ಕಣ್ಣಿಗೂ ಊರೂರು ಸುತ್ತಿ ನೆರವು ಕೂಡಿಸಿದವರು ಅವರೇ. ಎಪ್ಪತ್ತರ ವಯಸ್ಸು, ಮೆದು ಮಾತು. ಹೊಸ ಕಂದು ಬಣ್ಣದ ಅಂಗಿ ತೊಟ್ಟಿದ್ದರು, ಹಿಂದೆಯೇ ಸೊಸೆ ಹಣ್ಣಿನ ಬುಟ್ಟಿ ಹಿಡಿದು ಬರುತ್ತಿದ್ದಳು. "ಇವತ್ತಿಗೇ ಅಂತ ಬೆಳಿಗ್ಗೆ ಎದ್ದು ನಾನೇ ಹೊಲಿದ ಅಂಗಿ," ಎಂದು ಎಲ್ಲರಿಗೂ ತೋರಿಸುತ್ತಾ ಬಂದರು. ಆ ಅಂಗಿಯ ಜೇಬಿನ ಒಂದು ಮೂಲೆ ಇನ್ನೊಂದಕ್ಕಿಂತ ಎರಡು ಬೆರಳು ಕೆಳಗಿತ್ತು. ಬಿಳಿ ದಾರ ಬಟ್ಟೆಯ ಮೇಲೆ ಅಡ್ಡಾದಿಡ್ಡಿ ಓಡಿತ್ತು. ಕಣ್ಣಿದ್ದವರೆಲ್ಲ ನೋಡಿದ್ದರು. ಅಷ್ಟು ದೊಡ್ಡವರಿಗೆ ಹೇಳುವವರು ಯಾರು?

ನಮ್ಮವರ ಮಂಚದ ಮುಂದೆ ನಿಂತು, "ಹೇಗಿದೆ ಯಜಮಾನ್ರೇ, ಚೆನ್ನಾಗಿ ಕಾಣ್ತಿದೆಯಾ?" ಎಂದು ಕೇಳಿದರು.

"ನಿಮ್ಮ ಉಪಕಾರ ಸ್ವಾಮಿ, ಎಷ್ಟು ಚೆನ್ನಾಗಿ ಕಾಣ್ತಿದೆ ಅಂದ್ರೆ," ಎಂದು ಕೈಮುಗಿದರು ನಮ್ಮವರು, "ನಿಮ್ಮ ಜೇಬು ಸೊಟ್ಟ ಇದೆ."

ನಾನು ನಾಲಿಗೆ ಕಚ್ಚಿಕೊಂಡೆ. ಸಂಘದ ಯಜಮಾನರು ನಕ್ಕು ಜೇಬಿನ ಮೇಲೆ ಕೈಯಾಡಿಸಿದರು. "ನಲವತ್ತೈದು ವರ್ಷದ ಕೈ ಇದು. ನನ್ನ ಹೊಲಿಗೆ ಸೊಟ್ಟ ಅಂತ ಇವತ್ತಿಗೂ ಒಬ್ಬ ಗಿರಾಕಿ ಹೇಳಿಲ್ಲ."

ನಾನು ಅವರ ಸೊಸೆಯ ಮುಖ ನೋಡಿದೆ. ಅವಳು ಹಣ್ಣಿನ ಬುಟ್ಟಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು ತನ್ನ ಕಾಲ ಬೆರಳುಗಳನ್ನೇ ನೋಡುತ್ತಿದ್ದಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ. "ಎಷ್ಟು ದಿನದಿಂದ ಬಿಚ್ಚಿ ಹೊಲೀತಿದ್ದೀಯಮ್ಮ?"

ಅವಳು ಬೆಚ್ಚಿದಳು. "ಒಂದೂವರೆ ವರ್ಷ ಆಯ್ತಕ್ಕಾ," ಎಂದಳು. "ಇವತ್ತಿಂದು ಕೈಗೆ ಸಿಗಲಿಲ್ಲ, ಹೊಲಿದವರೇ ತೊಟ್ಕೊಂಡುಬಿಟ್ರು."

ನಮ್ಮವರು ಅತ್ತ ಹೇಳುತ್ತಿದ್ದರು. "ಸ್ವಾಮಿ, ಯಾರೂ ಹೇಳಿಲ್ಲ ಅಂದ್ರೆ ನಂಬಬೇಡಿ. ನಂಗೂ ಯಾರೂ ಹೇಳಿರಲಿಲ್ಲ. ಆ ನಿಮ್ಮ ಟೇಪು ಜೇಬಿಗೆ ಹಿಡಿದು ಬೆರಳಿಂದ ಮುಟ್ಟಿ ನೋಡಿ." ಟೇಪು ಕೊರಳಲ್ಲೇ ಇತ್ತು. ಅವರು ಹಿಡಿದು ನೋಡಿದರು. ಮುಟ್ಟಿದರು, ಮತ್ತೆ ಮುಟ್ಟಿದರು. ಡಾಕ್ಟರಮ್ಮ ಸದ್ದಿಲ್ಲದೆ ಬಂದು ಅವರ ಕಣ್ಣಿಗೆ ಟಾರ್ಚ್ ಹಾಕಿ, "ಇಲ್ಲೇ ಒಂದು ಮಂಚ ಖಾಲಿ ಇದೆ ತಾತ," ಎಂದಳು.

"ಊರವರ ಕಣ್ಣೆಲ್ಲ ಮಾಡಿಸ್ತಾ ಬಂದೆ, ನನ್ನದೇ ಉಳೀತಲ್ಲೋ!" ಎಂದರು ಆ ದೊಡ್ಡ ಮನುಷ್ಯರು. ಅವರು ನಕ್ಕ ಮೇಲೆಯೇ ಉಳಿದವರಿಗೆಲ್ಲ ನಗುವ ಧೈರ್ಯ ಬಂದದ್ದು. ಸೊಸೆ ಮಾತ್ರ ನನ್ನ ಕೈಹಿಡಿದುಕೊಂಡು ಅಳುತ್ತಾ ನಗುತ್ತಾ ನಿಂತಿದ್ದಳು.

ಹೊರಡುವಾಗ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದಳು. ಕಪ್ಪು ಕನ್ನಡಕ ತೆಗೆಯಬಾರದು, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ಒಂದು ತಿಂಗಳು ಬಗ್ಗಬಾರದು, ಮಣ್ಣು ಮುಟ್ಟಬಾರದು. ಎಡಗಣ್ಣು ಮುಂದಿನ ಸಲ.

ಮನೆಗೆ ಬಂದ ಮೇಲೆ ಅವರು ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಿಲಿಗೆ ನಡೆದರು. ದಾರಿಯಲ್ಲಿ ಬೆದರುಬೊಂಬೆಯ ಮುಂದೆ ನಿಂತು, ಮೇಲಿಂದ ಕೆಳಗೆ ನೋಡಿ, "ಬೆಂಕಿಪೊಟ್ಟಣ ಕೊಡದೇ ಇದ್ದೋನು ನೀನೇನಾ?" ಎಂದರು. ಬಾವಿಯ ಹತ್ತಿರ ಹೋಗಿ ಆ ಸಾಲನ್ನು ನೋಡಿದರು. ಯಾರೂ ಮುಟ್ಟಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ ನಗು! ಕಟ್ಟೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಸಾಲೇನೇ? ಕುಡಿದು ಬಂದೋನು ಮನೆ ಹುಡುಕಿದ ಹಾಗಿದೆ!" ಕಣ್ಣಿಗೆ ತ್ರಾಸವಾಗುತ್ತದೆ, ನಗಬೇಡಿ ಎಂದು ನಾನು ಬೈಯುತ್ತಿದ್ದೆ. ಬೈಯುತ್ತಾ ನಾನೂ ನಕ್ಕೆ.

ಆಚೆಯ ಹದಿನಾರು ಸಾಲುಗಳ ಹತ್ತಿರ ಬಂದಾಗ ನಗು ನಿಂತಿತು. ತುದಿಯಲ್ಲಿ ನಿಂತು ಪ್ರತಿಯೊಂದು ಸಾಲನ್ನೂ ನೋಡಿದರು. "ಸಸಿಯೆಲ್ಲ ಒಂದು ಕೂದಲೆಳೆ ಎಡಕ್ಕೆ ವಾಲಿವೆ," ಎಂದರು. "ಎಡಗೈ ಒತ್ತಿದ್ದು. ನನ್ನ ಕೈದು ಒಂದೂ ಇಲ್ಲ ಇದರಲ್ಲಿ." ಆಮೇಲೆ ಮೆಲ್ಲಗೆ, "ಊರವರು ಹೊಗಳಿದ್ದೆಲ್ಲ ನಿಂಗೆ ಸೇರಬೇಕಿತ್ತು. ನಾನು ತಿಂದೆ," ಎಂದರು.

ಸೋಮವಾರ ಮೈದುನನ ಹೊಲದಲ್ಲಿ ನಾಟಿ. ಅವನು ತಲೆ ಕೆರೆಯುತ್ತಾ ಬಂದು ನಿಂತ. "ಅಣ್ಣ, ನಿಂಗೆ ಬಗ್ಗಬಾರದು ಅಂದಿದ್ದಾರೆ. ಮೊದಲ ಸಾಲಿಗೆ ಏನು ಮಾಡೋದು?"

"ನಿಮ್ಮತ್ತಿಗೆ ಹಿಡೀತಾಳೆ," ಎಂದರು ಇವರು.

"ನಾನಾ! ಸರಿ, ದಾರ ತರ್ತೀನಿ."

"ದಾರ ಬೇಡ. ಗೂಟಾನೂ ಬೇಡ. ಆ ತುದೀಲಿ ನಾನು ನಿಂತಿರ್ತೀನಿ. ನನ್ನನ್ನ ನೋಡ್ಕೊಂಡು ಬಾ."

ಸುದ್ದಿ ಹೇಗೆ ಹಬ್ಬಿತೋ, ಅರ್ಧ ಊರು ಬದುವಿನ ಮೇಲೆ ಬಂದು ನಿಂತಿತ್ತು. ನರ್ಸಮ್ಮನೂ ಬಂದಿದ್ದರು. ಹೊಲದ ಆ ತುದಿಯಲ್ಲಿ ನಮ್ಮ ಮನೆಯವರು ಕಪ್ಪು ಕನ್ನಡಕ ಹಾಕಿಕೊಂಡು, ಕೈಕಟ್ಟಿ, ನೆಟ್ಟ ಗೂಟದ ಹಾಗೆ ನಿಂತರು. ಮೊದಲ ಸಸಿ ನೆಟ್ಟೆ, ತಲೆಯೆತ್ತಿ ಅವರನ್ನು ನೋಡಿದೆ. ಎರಡನೆಯದು ನೆಟ್ಟೆ, ಮತ್ತೆ ನೋಡಿದೆ. ಹತ್ತು ಆದ ಮೇಲೆ ಭಯ ಹೋಯಿತು. ಇಪ್ಪತ್ತು ಆದ ಮೇಲೆ ಖುಷಿ ಉಕ್ಕಿ ಬಂತು. ಒಂದೊಂದು ಸಸಿಗೂ ಅವರು ನನಗೆ ಹತ್ತಿರವಾಗುತ್ತಿದ್ದರು, ಕೊನೆಯ ಸಸಿಯನ್ನು ಅವರ ಚಪ್ಪಲಿಯ ತುದಿಗೇ ನೆಟ್ಟು ಎದ್ದು ನಿಂತೆ.

ಅವರು ನನ್ನ ಭುಜದ ಮೇಲಿಂದ ಸಾಲನ್ನು ನೋಡಿದರು. ಊರೆಲ್ಲ ಅವರ ಬಾಯಿ ನೋಡುತ್ತಿತ್ತು.

"ಹದಿಮೂರನೇ ಸಸಿ," ಎಂದರು ಎಲ್ಲರಿಗೂ ಕೇಳುವಂತೆ, "ಒಂದು ಬೆರಳು ಎಡಕ್ಕೆ."

"ಒಂದು ಬೆರಳಿಗೂ ಗೊಣಗ್ತೀರಲ್ರೀ!" ಎಂದೆ ನಾನು. ಅವರು ಸಾಲಿನ ಕಡೆ ಕೈ ತೋರಿಸಿದರು. ಹಿಂದಕ್ಕೆ ಎಣಿಸುತ್ತಾ ಹೋದೆ. ಹದಿಮೂರನೆಯದು ನಿಜವಾಗಿಯೂ ಒಂದು ಬೆರಳು ಆಚೆಗಿತ್ತು. ಮೊಣಕಾಲೂರಿ ಕೂತು ಅದನ್ನು ಕಿತ್ತೆ. ಹಾಡುಹಗಲಲ್ಲಿ, ಅವರ ಕಣ್ಣೆದುರಿಗೇ ಸರಿಯಾದ ಜಾಗದಲ್ಲಿ ಮತ್ತೆ ನೆಟ್ಟೆ.